ಪಡುವಣ ಗೋಡೆಗೆ ಥರ್ಮಾಕೋಲ್ ಹೊದಿಕೆ: ನುಗ್ಗಿದ ನೀರಿಗೆ ಹೊರದಾರಿ ಬಿಡಿ

ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಪುನರ್ವಸು ಮಳೆ ಹಿಡಿಯುವ ಹೊತ್ತಿಗೆ ಪಡುವಣ ಕೋಣೆಯ ಬೀರುವನ್ನು ಗೋಡೆಯಿಂದ ಒಂದು ಅಡಿ ಈಚೆಗೆ ಎಳೆಯುವುದು ವರ್ಷವರ್ಷದ ಕೆಲಸವಾಗಿತ್ತು. ಎಳೆಯದಿದ್ದರೆ ಬೀರುವಿನ ಹಿಂದೆ ಬೂಷ್ಟು, ಒಳಗಿನ ಸೀರೆಗಳಿಗೆಲ್ಲ ಮುಗ್ಗಲು ವಾಸನೆ. ಗೋಡೆ ಎಂಟು ಇಂಚಿನ ಸಾಲಿಡ್ ಬ್ಲಾಕಿನದು. ಎರಡೂ ಕಡೆ ಸಿಮೆಂಟ್ ಪ್ಲಾಸ್ಟರ್, ಹೊರಗೆ ದುಬಾರಿ ವಾಟರ್‌ಪ್ರೂಫ್ ಪೇಂಟ್. ಮೂರು ವರ್ಷದಲ್ಲಿ ಎರಡು ಸಲ ಪೇಂಟ್ ಹೊಡೆಸಿದೆವು. ಎರಡನೇ ಸಲದ ಮಳೆಗಾಲದಲ್ಲಿ ಅದು ಹಪ್ಪಳದ ಹಾಗೆ ಉಬ್ಬಿತು. ಒಂದು ಕಡೆ ಉಗುರಿನಿಂದ ಚುಚ್ಚಿ ನೋಡಿದೆ. ಒಳಗಿದ್ದ ನೀರು ಗೆರೆಯಾಗಿ ಇಳಿಯಿತು. ನೀರು ತಡೆಯಲಿ ಎಂದು ಹೊಡೆಸಿದ ಪೇಂಟು, ಬಿರುಕಿನಲ್ಲಿ ನುಸುಳಿದ ನೀರನ್ನು ಹೊರಗೆ ಬಿಡದೆ ಹಿಡಿದುಕೊಂಡು ಕೂತಿತ್ತು.

ಅಜ್ಜನ ಮನೆಯಲ್ಲಿ ಈ ಕಾಟ ಇರಲಿಲ್ಲ. ಅದು ಮಣ್ಣಿನ ಗೋಡೆಯ ಮನೆ. ಮಳೆ ಹಿಡಿಯುವ ಮೊದಲು ಪಡುವಣ ಬದಿಗೆ ಅಡಿಕೆ ದಬ್ಬೆ ನಿಲ್ಲಿಸಿ ಸೋಗೆ ತಟ್ಟಿ ಕಟ್ಟುತ್ತಿದ್ದರು. ತಟ್ಟಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ. ಎರಚಲು ಸೋಗೆಗೆ ಬಡಿದು ಇಳಿಯುತ್ತಿತ್ತು. ಸೋಗೆ ದಾಟಿ ಬಂದ ನಾಲ್ಕು ಹನಿಯೂ ಆ ಸಂದಿಯಲ್ಲೇ ನೆಲಕ್ಕೆ ಬೀಳುತ್ತಿದ್ದವು. ಮಳೆ ಬಿಟ್ಟಾಗ ಗಾಳಿಯಾಡಿ ಒಣಗುತ್ತಿತ್ತು. ಹನಿ ನೀರೂ ದಾಟದಂತೆ ತಡೆಯುತ್ತೇನೆ ಅನ್ನುವ ಹಟ ಅದರಲ್ಲಿ ಇರಲಿಲ್ಲ.

ಈಗ ಹೇಳಹೊರಟಿರುವ ಹೊದಿಕೆಯ ಲೆಕ್ಕವೂ ಅದೇ. ಸೋಗೆಯ ಬದಲು ಥರ್ಮಾಕೋಲ್ ಹಲಗೆ, ಗೇಣಿನ ಬದಲು ಮೂರು ನಾಲ್ಕು ಮಿಲಿಮೀಟರ್ ಸಂದಿ. ಹಲಗೆಯ ಮೇಲೆ ಮೆಷ್, ಅಂದರೆ ಗಾಜಿನ ನೂಲಿನ ಬಲೆ, ಹುದುಗಿಸಿದ ಗಾರೆ, ಅದರ ಮೇಲೆ ಬಣ್ಣ. ಕಂಪನಿಯವರು ಇದನ್ನು ಇಐಎಫ್‌ಎಸ್ ಎನ್ನುತ್ತಾರೆ. ಯುರೋಪಿನ ಕಂಪನಿಯಾದರೆ ಇಟಿಐಸಿಎಸ್. ಎರಡೂ ಹೊರಗೋಡೆಗೆ ಹಾಕುವ ಶಾಖ ತಡೆಯುವ ಹೊದಿಕೆಯ ಇಂಗ್ಲಿಷ್ ಚುಟುಕು ಹೆಸರು. ಹೆಸರು ಯಾವುದೇ ಇರಲಿ, ನೀವು ಕೇಳಬೇಕಾದ್ದು ‘ಡ್ರೈನೇಜ್ ಇರುವುದು’ ಎಂದು, ಅಂದರೆ ಹಲಗೆಯ ಹಿಂದೆ ನುಗ್ಗಿದ ನೀರು ಇಳಿದು ಹೊರಗೆ ಹೋಗುವಂಥದ್ದು. ಅದಿಲ್ಲದ್ದೂ ಮಾರುಕಟ್ಟೆಯಲ್ಲಿದೆ, ಅಗ್ಗವೂ ಹೌದು.

ಅಗ್ಗದ್ದು ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಕಥೆಯೇ ಸಾಕ್ಷಿ. ಈ ಪದ್ಧತಿ ಹುಟ್ಟಿದ್ದು ಎರಡನೇ ಮಹಾಯುದ್ಧದ ನಂತರದ ಜರ್ಮನಿಯಲ್ಲಿ. ಅಲ್ಲಿ ಹೆಚ್ಚಾಗಿ ಹಾಕುತ್ತಿದ್ದದ್ದು ಇಟ್ಟಿಗೆ, ಕಲ್ಲಿನ ಗೋಡೆಗೆ. 1969ರಲ್ಲಿ ಅಮೆರಿಕಕ್ಕೆ ಹೋಯಿತು. ಅಲ್ಲಿನ ಮನೆಗಳು ಮರದ ಚೌಕಟ್ಟಿನವು. 1990ರ ದಶಕದ ನಡುವೆ ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್ ಊರಲ್ಲಿ ಮನೆ ಮೇಲೆ ಮನೆ ತೆರೆದು ನೋಡಿದರೆ ಒಳಗಿನ ಮರದ ಹಲಗೆ ಕೊಳೆತಿತ್ತು. ಕಿಟಕಿ ಮೂಲೆ, ಮಾಡು ಗೋಡೆಗೆ ಸೇರುವ ಜಾಗ, ಇಂಥ ಕಡೆಗಳಿಂದ ನುಸುಳಿದ ನೀರಿಗೆ ಹೊರಗೆ ಹೋಗಲು ಜಾಗವೇ ಇರಲಿಲ್ಲ. ಡ್ರೈನೇಜ್ ಇರುವ ಪದ್ಧತಿ ಬಳಕೆಗೆ ಬಂದದ್ದು ಆ ಪೆಟ್ಟು ತಿಂದ ಮೇಲೆ. ನಮ್ಮ ಬ್ಲಾಕ್ ಗೋಡೆ ಕೊಳೆಯುವುದಿಲ್ಲ, ನಿಜ. ಆದರೆ ನಮಗಿರುವ ಮಳೆ?

ನಿಮ್ಮ ಮನೆಗೆ ಇದು ಬೇಕಾ?

ಎಲ್ಲರಿಗೂ ಬೇಡ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಪಡುವಣ ಗೋಡೆಗೆ ಬೇಕಾಗಬಹುದು. ಉಳಿದ ಮೂರು ಗೋಡೆಗೆ ಸುಮ್ನೆ ದುಡ್ಡು ಸುರಿಯಬೇಡಿ. ಅರಸೀಕೆರೆ, ಕಡೂರಿನ ಬಯಲು ಸೀಮೆಯವರಿಗೆ ಮಳೆಯ ಚಿಂತೆ ಕಡಿಮೆ, ಮಧ್ಯಾಹ್ನದ ಬಿಸಿಲಿನದು ಜಾಸ್ತಿ. ಎರಡು ಇಂಚಿನ ಥರ್ಮಾಕೋಲ್ ಶಾಖ ತಡೆಯುವುದರಲ್ಲಿ ಸುಮಾರು ಮೂರು ಅಡಿ ದಪ್ಪದ ಇಟ್ಟಿಗೆ ಗೋಡೆಗೆ ಸಮ. ಹಾಗಾಗಿ ಅಲ್ಲೂ ಉಪಯೋಗಕ್ಕೆ ಬರುತ್ತದೆ. ಆದರೆ ಅಲ್ಲಿ ಒಂದು ಬೇವಿನ ಮರ, ಎರಡು ಅಡಿ ಸಜ್ಜಾ ಮಾಡುವ ಕೆಲಸವನ್ನು ಮೊದಲು ಲೆಕ್ಕ ಹಾಕಿ.

ಮಣ್ಣಿನ ಗೋಡೆಯ ಹಳೆ ಮನೆಗೆ ಇದನ್ನು ಹಾಕಿಸಲೇಬೇಡಿ. ಆ ಗೋಡೆ ಉಸಿರಾಡಬೇಕು. ಅದಕ್ಕೆ ಸೋಗೆ ತಟ್ಟಿ ಇಲ್ಲವೇ ರೀಪಿನ ಮೇಲೆ ತಗಡಿನ ಶೀಟು ಸಾಕು. ಶೀಟು ಚೆಂದ ಕಾಣುವುದಿಲ್ಲ, ಮಳೆಗೆ ತಮಟೆ ಬಾರಿಸಿದ ಹಾಗೆ ಸದ್ದು ಮಾಡುತ್ತದೆ. ಆದರೆ ಕೆಲಸ ಮಾಡುತ್ತದೆ.

ಇನ್ನೊಂದು: ತೇವ ಎಲ್ಲಿಂದ ಬರುತ್ತಿದೆ ಎಂದು ಮೊದಲು ಗೊತ್ತಾಗಬೇಕು. ಮಳೆಗಾಲದಲ್ಲಿ ಕೋಣೆಯ ಒಳಗೋಡೆಗೆ ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆ ಕಡೆಗೆ ನೀರು ಕಂಡರೆ ಅದು ಗೋಡೆಯೊಳಗಿಂದ ಬರುತ್ತಿದೆ. ಹಾಳೆಯ ಮುಂದೆ, ಕೋಣೆ ಕಡೆಗೆ ಕಂಡರೆ ಅದು ಒಳಗಿನ ಗಾಳಿಯ ಪಸೆ, ತಣ್ಣನೆ ಗೋಡೆಗೆ ತಾಗಿ ಬೆವರಿದ್ದು. ಒಳಗೆ ಬಟ್ಟೆ ಒಣಗಿಸುವ ಮನೆಯಲ್ಲಿ ಇದು ಮಾಮೂಲು. ಎರಡಕ್ಕೂ ಹೊರಗಿನ ಹೊದಿಕೆ ಸಹಾಯ ಮಾಡುತ್ತದೆ, ಏಕೆಂದರೆ ಮಳೆ ಗೋಡೆಗೆ ನೇರ ಬಡಿಯುವುದಿಲ್ಲ, ಗೋಡೆ ಅಷ್ಟು ತಣ್ಣಗೂ ಆಗುವುದಿಲ್ಲ. ತೇವ ಇರುವುದು ಗೋಡೆಯ ಬುಡದಲ್ಲಿ, ಎರಡು ಮೂರು ಅಡಿಯವರೆಗೆ ಮಾತ್ರವೇ? ಹಾಗಾದರೆ ಅದು ನೆಲದಿಂದ ಏರುವ ತೇವ. ಈ ಹೊದಿಕೆ ಅದನ್ನು ಮುಚ್ಚಿಡುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಪ್ಯಾರಪೆಟ್ ತಲೆಯ ಬಿರುಕಿನಿಂದ ಇಳಿಯುವ ನೀರೂ ಹಾಗೆಯೇ. ಮೊದಲು ಅದನ್ನು ಸರಿಮಾಡಿ.

ಕೆಲಸಕ್ಕೆ ಕಾಲ

ಗೋಡೆ ಚೆನ್ನಾಗಿ ಒಣಗಿರಬೇಕು. ದೀಪಾವಳಿ ಕಳೆದ ಕೂಡಲೇ ಶುರು ಮಾಡಿದರೆ ಗೋಡೆಯ ಹೊಟ್ಟೆಯಲ್ಲಿ ಇನ್ನೂ ಮಳೆಗಾಲ ಇರುತ್ತದೆ. ಡಿಸೆಂಬರಿನಿಂದ ಕಾಫಿ ಕೊಯ್ಲು, ಸಾರ್ವೆ ಕಟ್ಟಲು ಆಳೂ ಸಿಗುವುದಿಲ್ಲ. ನನ್ನ ಅನುಭವದಲ್ಲಿ ಫೆಬ್ರವರಿ ನಡುವಿನಿಂದ ಏಪ್ರಿಲ್ ಒಳಗೆ ಮುಗಿಸುವುದು ಒಳ್ಳೆಯದು. ಹೂಮಳೆ ಬಂದರೆ ಎಂದು ಟಾರ್ಪಾಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಗಾರೆ ಬಳಿದ ಮೇಲೆ ಕನಿಷ್ಠ ಒಂದು ದಿನ ಮಳೆ ತಾಗಬಾರದು, ಮಂಜು ಸುರಿಯುವ ಕಡೆ ಇನ್ನೂ ಜಾಸ್ತಿ ಹೊತ್ತು ಬೇಕು. ಹೊಸ ಪ್ಲಾಸ್ಟರ್ ಆದರೆ 28 ದಿನ ಬಿಡಿ.

ಗೋಡೆ ಸಿದ್ಧಮಾಡುವುದು

ಹಳೆ ಪೇಂಟ್ ಕೆರೆಯಲೇಬೇಕು. ಹೊದಿಕೆ ನಿಲ್ಲುವುದು ಅಂಟಿನ ಮೇಲೆ, ಅಂಟು ಪೇಂಟಿನ ಮೇಲೆ ಕೂತರೆ ಪೇಂಟ್ ಎದ್ದ ದಿನ ಹಲಗೆಯೂ ಏಳುತ್ತದೆ. ಪಾಚಿ ಉಜ್ಜಿ ತೆಗೆಯಿರಿ. ಕರ್ಣೆಯ ಹಿಡಿಯಿಂದ ಗೋಡೆ ಉದ್ದಕ್ಕೂ ತಟ್ಟುತ್ತಾ ಹೋಗಿ, ಡಬಡಬ ಅಂದ ಕಡೆ ಪ್ಲಾಸ್ಟರ್ ಕಿತ್ತು ಹೊಸದು ಹಾಕಿಸಿ. ತೂಗುಗುಂಡು ಇಳಿಬಿಟ್ಟು ಉಬ್ಬುತಗ್ಗು ನೋಡಿಸಿ. ಹಲಗೆಯ ಹಿಂದಿನ ಸಂದಿ ಕೆಲವೇ ಮಿಲಿಮೀಟರ್. ಗೋಡೆ ಹೊಟ್ಟೆ ಬಿಟ್ಟಿದ್ದರೆ ಅಲ್ಲಿ ಸಂದಿಯೇ ಇಲ್ಲ.

ಅಂಟಿನ ಪರೀಕ್ಷೆಗೆ ಒಂದು ಸುಲಭ ದಾರಿ ಇದೆ. ಅಂಗೈ ಅಗಲದ ಥರ್ಮಾಕೋಲ್ ತುಂಡುಗಳನ್ನು ಗೋಡೆಯ ನಾಲ್ಕಾರು ಕಡೆ ಅಂಟಿಸಿ. ಒಂದು ವಾರ ಬಿಟ್ಟು ಎಳೆಯಿರಿ. ಥರ್ಮಾಕೋಲೇ ಹರಿದು ಅರ್ಧ ಗೋಡೆಯಲ್ಲಿ ಉಳಿದರೆ ಅಂಟು ಗಟ್ಟಿ. ಅಂಟಿನ ಸಮೇತ ಕಿತ್ತು ಬಂದರೆ ಗೋಡೆ ಇನ್ನೂ ಸಿದ್ಧವಾಗಿಲ್ಲ.

ಆಮೇಲೆ ನೀರು ತಡೆಯುವ ಪದರ. ಇದು ದಪ್ಪ ಬಣ್ಣದ ಹಾಗೆ ರೋಲರಿನಲ್ಲಿ ಹೊಡೆಯುವ ಲೇಪನ, ಎರಡು ಕೋಟು ಬೇಕು. ನೀರು ತಡೆಯಬೇಕು, ಆದರೆ ಗೋಡೆಯೊಳಗಿನ ಆವಿಯನ್ನು ಹೊರಗೆ ಬಿಡಬೇಕು, ಟಾರಿನಂಥದ್ದು ಬೇಡ. ನಿಜವಾದ ಛತ್ರಿ ಇದೇ ಪದರ. ಹೊರಗೆ ಕಾಣುವ ಬಣ್ಣ, ಥರ್ಮಾಕೋಲ್ ಎಲ್ಲ ಅದರ ಮೇಲಿನ ಕಂಬಳಿ. ಲೇಪನ, ಅಂಟು, ಗಾರೆ ಮೂರನ್ನೂ ಒಂದೇ ಕಂಪನಿಯದ್ದು ತರಿಸಿ. ಒಂದರ ಮೇಲೊಂದು ಹಿಡಿಯುವುದಿಲ್ಲ ಎಂದು ಆಮೇಲೆ ಜಗಳವಾಡುವುದು ತಪ್ಪುತ್ತದೆ.

ಕಿಟಕಿ: ಇಲ್ಲಿ ಆತುರ ಬೇಡ

ಸೋರುವ ಹೊದಿಕೆಗಳಲ್ಲಿ ಬಯಲು ಗೋಡೆ ಸೋರುವುದು ಅಪರೂಪ. ಸೋರುವುದು ಕಿಟಕಿ. ಹಾಗಾಗಿ ಒಂದು ಕಿಟಕಿಗೆ ಒಂದು ದಿನ ಹೋದರೂ ಬೇಜಾರಾಗಬೇಡಿ.

ಕಿಟಕಿಯ ಕೆಳದಂಡೆಗೆ ಹೊರಗೆ ಇಳಿಜಾರು ಇರುವ ತಗಡಿನ ತಟ್ಟೆ ಕೂರಿಸಬೇಕು. ತಟ್ಟೆ ಅಂದೆ, ಪಟ್ಟಿ ಅನ್ನಲಿಲ್ಲ. ಎರಡು ತುದಿಯಲ್ಲೂ ಹಿಂಬದಿಯಲ್ಲೂ ಅಂಚು ಮೇಲಕ್ಕೆ ಮಡಚಿರಬೇಕು. ಹೋಳಿಗೆ ಮಗುಚುವ ಮೊಗಚೆಯ ಹಾಗೆ ಚಪ್ಪಟೆ ಇದ್ದರೆ ನೀರು ಪಕ್ಕಕ್ಕೆ ಹರಿದು ಗೋಡೆಗೇ ಇಳಿಯುತ್ತದೆ. ನಮ್ಮಲ್ಲಿ ತಗಡು ಬಗ್ಗಿಸುವವನು ಮೊದಲ ಸಲ ತಂದದ್ದು ಚಪ್ಪಟೆ ಪಟ್ಟಿಯನ್ನೇ. “ಅಣ್ಣಾ, ಸಿಲಿಕೋನ್ ಹಾಕಿದ್ರೆ ಆಯ್ತಲ್ಲ” ಅಂದ. ವಾಪಸ್ ಕಳಿಸಿದೆ. ಮೇಸ್ತ್ರಿ ಒಳಗೊಳಗೇ ನಕ್ಕರು. ಕಿಟಕಿಯ ನೆತ್ತಿಗೂ ಒಂದು ತಗಡು ಬೇಕು, ಅದರ ಮುಂದಂಚು ಕೆಳಕ್ಕೆ ಬಗ್ಗಿರಬೇಕು. ಆಗ ಹನಿ ಅಂಚಿನಿಂದ ಉದುರುತ್ತದೆ, ಹಿಂದಕ್ಕೆ ತೆವಳುವುದಿಲ್ಲ.

ಎಲ್ಲ ಕಡೆ ಒಂದೇ ನಿಯಮ, ಹೆಂಚು ಹೊದಿಸುವವರಿಗೆ ಹೊಸದಾಗಿ ಹೇಳಬೇಕಿಲ್ಲ: ಮೇಲಿನದ್ದು ಕೆಳಗಿನದರ ಮೇಲೆ ಬರಬೇಕು. ನೀರು ತಡೆಯುವ ಲೇಪನ ನೆತ್ತಿ ತಗಡಿನ ಹಿಂದಂಚಿನ ಮೇಲೆ ಹತ್ತಿರಬೇಕು. ತಗಡು ಲೇಪನದ ಮೇಲೆ ಸುಮ್ಮನೆ ಕೂತಿದ್ದರೆ ಉಲ್ಟಾ ಹೆಂಚಿಟ್ಟ ಹಾಗೆ.

ಹಲಗೆ ಕಿಟಕಿ ಚೌಕಟ್ಟಿಗೆ ಮುಟ್ಟಬಾರದು. ಅರ್ಧದಿಂದ ಮುಕ್ಕಾಲು ಇಂಚು ಸಂದಿ ಬಿಡಿಸಿ. ಆ ಸಂದಿಗೆ ಮೊದಲು ಫೋಮಿನ ಹಗ್ಗ ತುರುಕಿ, ಮೇಲೆ ಸೀಲೆಂಟ್ ತುಂಬಬೇಕು. ಹಗ್ಗಕ್ಕೆ ಬ್ಯಾಕರ್ ರಾಡ್ ಅನ್ನುತ್ತಾರೆ. ಅದು ದುಡ್ಡು ಉಳಿಸಲು ಅಲ್ಲ. ಸೀಲೆಂಟ್ ಎರಡು ಬದಿಗೆ ಮಾತ್ರ ಅಂಟಿದರೆ ರಬ್ಬರಿನ ಹಾಗೆ ಹಿಗ್ಗಿ ಕುಗ್ಗುತ್ತದೆ. ಹಿಂಬದಿಗೂ ಅಂಟಿದರೆ ಹರಿಯುತ್ತದೆ. ಸೀಲೆಂಟ್ ಹಿಡಿಯಬೇಕಾದ್ದು ಮೆಷ್ ಇರುವ ಗಾರೆ ಪದರಕ್ಕೆ, ಮೇಲಿನ ಬಣ್ಣದ ಪದರಕ್ಕಲ್ಲ. ಮಳೆಯಲ್ಲಿ ನೆನೆದು ಮೆತ್ತಗಾದ ಬಣ್ಣದ ಪದರ ಸೀಲೆಂಟಿನ ಜೊತೆ ಸಿಪ್ಪೆಯಂತೆ ಕಿತ್ತು ಬರುತ್ತದೆ.

ಬುಡದ ಪಟ್ಟಿ

ಹೊದಿಕೆ ನೆಲಕ್ಕೆ ತಾಗಬಾರದು. ಕನಿಷ್ಠ ಎಂಟು ಇಂಚು ಮೇಲೆ ನಿಲ್ಲಿಸಿ. ನಮ್ಮ ಕಡೆ ಸೂರಿನ ನೀರು ಬಿದ್ದು ಕೆಸರು ಒಂದು ಅಡಿ ಸಿಡಿಯುತ್ತದೆ, ಒಂದೂವರೆ ಅಡಿ ಬಿಟ್ಟರೂ ನಷ್ಟವಿಲ್ಲ. ಮಣ್ಣಿಗೆ ತಾಗಿದರೆ ಗೆದ್ದಲು, ಇರುವೆ ಥರ್ಮಾಕೋಲಿನೊಳಗೆ ಸುರಂಗ ತೋಡುತ್ತವೆ. ಹೊರಗೆ ಏನೂ ಕಾಣುವುದಿಲ್ಲ.

ಬುಡದಲ್ಲಿ ಹಲಗೆ ಕೂರುವುದು ತೂತುಗಳಿರುವ ಒಂದು ಪಟ್ಟಿಯ ಮೇಲೆ. ಹಿಂದಿನ ಸಂದಿಯಲ್ಲಿ ಇಳಿದ ನೀರು ಹೊರಬೀಳುವುದು ಈ ತೂತುಗಳಿಂದಲೇ. ಪಟ್ಟಿಯ ಹಿಂದಂಚಿನ ಮೇಲೆ ನೀರು ತಡೆಯುವ ಲೇಪನ ಹತ್ತಿರಬೇಕು. ತೂತಿಗೆ ಸಣ್ಣ ಕಣ್ಣಿನ ಸೊಳ್ಳೆ ಜಾಲರಿ ಹಾಕಿಸಿ, ಇಲ್ಲದಿದ್ದರೆ ಕಣಜ ಮನೆಮಾಡುತ್ತದೆ. ಎರಡು ಅಂತಸ್ತಿನ ಮನೆಯಾದರೆ ಕಿಟಕಿ ನೆತ್ತಿಯಲ್ಲೂ ಹೀಗೆ ನೀರು ಹೊರಬೀಳುವ ಏರ್ಪಾಡು ಇರಲಿ. ಅಷ್ಟೆತ್ತರದಿಂದ ಬುಡದವರೆಗೆ ಎಲ್ಲ ನೀರೂ ಸಾಗಬೇಕಿಲ್ಲ.

ಹಲಗೆ ಅಂಟಿಸುವುದು

ಭಾರತೀಯ ಮಾನಕ ಐಎಸ್ 4671ರ ಗುಣಮಟ್ಟದ, ಬೆಂಕಿ ಬೇಗ ಹರಡದ ದರ್ಜೆಯ ಹಲಗೆ ತರಿಸಿ. ಟಿವಿ ಡಬ್ಬದಲ್ಲಿ ಬರುವ ಥರ್ಮಾಕೋಲಿನ ಸಂಬಂಧಿಯೇ ಅದು, ಆದರೆ ಒತ್ತಿದರೆ ಹಾಗೆ ಪುಡಿಯಾಗುವುದಿಲ್ಲ. ತಂದದ್ದನ್ನು ಬಿಸಿಲಲ್ಲಿ ಬಿಡಬೇಡಿ. ಹಳದಿಯಾಗಿ ಮೇಲೆ ಪುಡಿ ಏಳುತ್ತದೆ, ಪುಡಿಗೆ ಗಾರೆ ಹಿಡಿಯುವುದಿಲ್ಲ. ಪೆಟ್ರೋಲು, ಥಿನ್ನರ್ ಹತ್ತಿರವೂ ಬೇಡ, ಥರ್ಮಾಕೋಲ್ ಕರಗುತ್ತದೆ.

ನಮ್ಮ ಇಡೀ ಕೆಲಸ ಕೆಡುತ್ತಿದ್ದದ್ದು ಇಲ್ಲೇ. ಬೇರೆ ಊರಿಂದ ಬಂದ ಕೆಲಸದವರು ಹಲಗೆಯ ನಾಲ್ಕಂಚಿಗೂ ಅಂಟಿನ ಕಟ್ಟೆ ಕಟ್ಟಿ, ನಡುವೆ ಮೂರು ಉಂಡೆ ಇಡುತ್ತಿದ್ದರು. ಡ್ರೈನೇಜ್ ಇಲ್ಲದ ಪದ್ಧತಿಯಲ್ಲಿ ಹಾಗೆ ಮಾಡುವುದು ಸರಿ. ನಮಗೆ ಅದು ಗದ್ದೆಗೆ ಬದು ಹಾಕಿದ ಹಾಗೆ, ನೀರು ಪ್ರತಿ ಹಲಗೆಯ ಹಿಂದೆಯೂ ನಿಲ್ಲುತ್ತದೆ. ಅಂಟನ್ನು ಹಲ್ಲಿನ ಕರ್ಣೆಯಲ್ಲಿ ಎಳೆದು, ಉದ್ದುದ್ದ ಸಾಲು ಮಾಡಬೇಕು, ಸುಮಾರು ಎರಡೆರಡು ಇಂಚಿಗೆ ಒಂದು. ಹಲಗೆ ಗೋಡೆಗೆ ಹೋದಾಗ ಆ ಸಾಲುಗಳು ಮೇಲಿಂದ ಕೆಳಕ್ಕೆ ನಿಲ್ಲಬೇಕು. ಅಡ್ಡ ಸಾಲು ಒಂದೇ ಒಂದು ಇದ್ದರೂ ಅದು ಅಣೆಕಟ್ಟು. ಹಲಗೆಯನ್ನು ಗಟ್ಟಿಯಾಗಿ ಒತ್ತಿ ಸಾಲುಗಳನ್ನು ಚಪ್ಪಟೆ ಮಾಡಿಬಿಟ್ಟರೂ ಸಂದಿ ಮುಚ್ಚಿಹೋಗುತ್ತದೆ.

ನಾನು ಮಾಡಿದ್ದು ಇಷ್ಟೆ. ಮೊದಲ ಮೂರು ಸಾಲು ಹಲಗೆ ಕೂರಿಸಿ ಅಂಟು ಒಣಗಿದ ಮೇಲೆ ಬುಡದಲ್ಲಿ ಉದ್ದನೆಯ ಟ್ರೇ ಇಟ್ಟು, ಮೇಲಿನ ಸಂದಿಗೆ ಒಂದು ಚೊಂಬು ನೀರು ನಿಧಾನಕ್ಕೆ ಹಾಕಿದೆ. ಸ್ವಲ್ಪ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ನೀರು ಟ್ರೇಗೆ ಬಂತು. ಪ್ರಯೋಗಾಲಯದಲ್ಲೂ ಇದೇ ಥರದ ಪರೀಕ್ಷೆಯಿದೆ, ಸುರಿದ ನೀರಿನಲ್ಲಿ ನೂರಕ್ಕೆ 90 ಪಾಲಾದರೂ ಹೊರಬರಬೇಕು. ನಿಮ್ಮ ಚೊಂಬಿನ ನೀರು ಅರ್ಧ ಮಾತ್ರ ಬಂದರೆ ಅಲ್ಲೇ ಕೆಲಸ ನಿಲ್ಲಿಸಿ, ಹಲಗೆ ತೆಗೆಸಿ ನೋಡಿ.

ಹಲಗೆಗಳನ್ನು ಇಟ್ಟಿಗೆ ಕಟ್ಟಿದಂತೆ ಸಂದಿ ತಪ್ಪಿಸಿ ಇಡಬೇಕು. ಕಿಟಕಿಯ ಮೂಲೆಗೆ ನೇರವಾಗಿ ಸಂದಿ ಬರಬಾರದು, ಅಲ್ಲಿ ಹಲಗೆಯನ್ನು ಎಲ್ ಆಕಾರಕ್ಕೆ ಕತ್ತರಿಸಿ ಕೂರಿಸಿ. ಹಲಗೆಗಳ ನಡುವೆ ಸಂದಿ ಉಳಿದರೆ ಥರ್ಮಾಕೋಲ್ ಚೂರನ್ನೇ ತುರುಕಬೇಕು. ಗಾರೆ ತುಂಬಿದರೆ ಮುಂದೆ ಅಲ್ಲೇ ಬಿರುಕು ಗೆರೆ ಎಳೆಯುತ್ತದೆ. ಅಂಟು ಒಣಗಿದ ಮೇಲೆ ಮೇಲ್ಮೈಯನ್ನು ಉಜ್ಜಿ ಮಟ್ಟ ಮಾಡಿಸಿ. ಆ ದಿನ ಅಂಗಳದ ತುಂಬ ಬಿಳಿ ಪುಡಿ ಹಾರುತ್ತದೆ, ಕಣದಲ್ಲಿ ಕಾಫಿ ಹರವಿದ್ದರೆ ಮುಚ್ಚಿ.

ಮೆಷ್ ಮತ್ತು ಗಾರೆ

ಕ್ಷಾರ ತಡೆಯುವ ಗಾಜಿನ ನೂಲಿನ ಮೆಷ್ ಇರಬೇಕು. ಮಾಮೂಲು ಮೆಷ್ ಸಿಮೆಂಟಿನಲ್ಲಿ ಕೆಲವೇ ವರ್ಷಕ್ಕೆ ಸವೆಯುತ್ತದೆ. ಮೊದಲು ಗಾರೆ ಬಳಿದು, ಹಸಿಯಿರುವಾಗಲೇ ಮೆಷ್ ಒತ್ತಿ, ಮೇಲೆ ಮತ್ತೆ ಎಳೆಯಬೇಕು. ಒಣ ಹಲಗೆಗೆ ಮೆಷ್ ಹಚ್ಚಿ ಮೇಲಿಂದ ಗಾರೆ ಬಳಿಯುವುದು ಕಳ್ಳ ಕೆಲಸ. ಮೆಷ್‌ನ ಬಣ್ಣ ಹೊರಗೆ ಕಾಣಬಾರದು. ಒಂದು ಮೆಷ್ ಇನ್ನೊಂದರ ಮೇಲೆ ಎರಡೂವರೆ ಇಂಚಾದರೂ ಹತ್ತಿರಬೇಕು. ಕಿಟಕಿಯ ನಾಲ್ಕು ಮೂಲೆಗೂ ಓರೆಯಾಗಿ ಒಂಬತ್ತಕ್ಕೆ ಹನ್ನೆರಡು ಇಂಚಿನ ತುಂಡು ಹೆಚ್ಚುವರಿ ಹಾಕಿಸಿ, ಬಿರುಕು ಶುರುವಾಗುವುದೇ ಅಲ್ಲಿ. ಹಲಗೆ ಎಲ್ಲಿ ಕೊನೆಯಾಗುತ್ತದೋ ಅಲ್ಲೆಲ್ಲ ಮೆಷ್ ಅಂಚನ್ನು ಸುತ್ತಿ ಹಿಂದಕ್ಕೆ ಹೋಗಿರಬೇಕು. ಬುಡದಿಂದ ಆರು ಅಡಿವರೆಗೆ ದಪ್ಪನೆಯ ಮೆಷ್ ಇನ್ನೊಂದು ಪದರ ಬೇಕು. ದನದ ಕೊಂಬು, ಮಕ್ಕಳ ಕ್ರಿಕೆಟ್ ಬಾಲು, ಇಳಿಸುವಾಗ ಒರಗಿಸಿದ ಮೂಟೆ, ಏನೇನೋ ತಾಗುತ್ತದೆ ಅಲ್ವಾ.

ಮೇಲಿನ ಬಣ್ಣದ ಟೆಕ್ಸ್ಚರ್ ನಿಮ್ಮಿಷ್ಟ. ಕಪ್ಪು, ಕಡುಗೆಂಪಿನಂಥ ಗಾಢ ಬಣ್ಣ ಮಾತ್ರ ಬೇಡ, ಬಿಸಿಲಿಗೆ ಹೊದಿಕೆ ಸುಡುತ್ತದೆ. ಥರ್ಮಾಕೋಲಿನಲ್ಲೇ ಕಿಟಕಿ ದಂಡೆ, ಕಟ್ಟು ಎಂದು ಅಲಂಕಾರ ಮಾಡಿಸುವುದಾದರೆ ಅದರ ತಲೆಗೆ ಪ್ರತಿ 12 ಇಂಚಿಗೆ 6 ಇಂಚು ಇಳಿಜಾರು ಕೊಡಿ. ನನ್ನನ್ನು ಕೇಳಿದರೆ ನಮ್ಮ ಮಳೆಗೆ ಅಲಂಕಾರವೇ ಬೇಡ.

ಮರೆತುಹೋಗುವ ಜಾಗಗಳು

ಕಾರ್ ಶೆಡ್ಡಿನ ಮಾಡು ಗೋಡೆಗೆ ಸೇರುವ ಕೆಳತುದಿ ಅತಿ ಅಪಾಯದ್ದು. ಮಾಡಿನ ಅಂಚಿನಲ್ಲಿ ಹರಿದ ನೀರೆಲ್ಲ ಆ ಒಂದು ಮೂಲೆಯಲ್ಲಿ ಹೊದಿಕೆಯ ಹಿಂದೆ ನುಗ್ಗುತ್ತದೆ. ಅಲ್ಲಿ ನೀರನ್ನು ಗೋಡೆಯಿಂದ ಆಚೆಗೆ ಒದೆಯುವಂತೆ ಬಗ್ಗಿಸಿದ ತಗಡು ಇಡಲೇಬೇಕು. ಸೋಲಾರ್ ಪೈಪು, ನಲ್ಲಿ, ಡಿಶ್ ಕೂರಿಸುವ ಜಾಗವನ್ನು ಹಲಗೆ ಹಾಕುವ ಮೊದಲೇ ಗುರುತಿಸಿ ಗಟ್ಟಿ ಕಟ್ಟೆ ಕೊಡಿಸಿ. ಆಮೇಲೆ ಬಂದವನು ಡ್ರಿಲ್ ಹಿಡಿದರೆ ಛತ್ರಿಗೇ ತೂತು. ವಿದ್ಯುತ್ ವೈರು ಥರ್ಮಾಕೋಲಿಗೆ ನೇರ ತಾಗಬಾರದು. ವೈರಿನ ಪಿವಿಸಿ ಹೊದಿಕೆ ಕಾಲಕ್ರಮೇಣ ಗಡುಸಾಗಿ ಬಿರಿಯುತ್ತದೆ. ಪೈಪಿನೊಳಗೆ ಹಾಯಿಸಿ.

ಬಚ್ಚಲ ಹಂಡೆ ಒಲೆ ಪಡುವಣ ಗೋಡೆಗೇ ಇದ್ದರೆ ಆ ಭಾಗಕ್ಕೆ, ಹೊಗೆ ಕೊಳವೆಯ ಸುತ್ತಲೂ ಥರ್ಮಾಕೋಲ್ ಬೇಡ. ಅದು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ, ಬೆಂಕಿ ತಾಗಿದರೆ ಉರಿಯುತ್ತದೆ. ಅಲ್ಲಿ ರಾಕ್‌ವೂಲ್, ಅಂದರೆ ಕಲ್ಲಿನ ನಾರಿನ, ಹಲಗೆ ಹಾಕಿಸಿ. ಅದು ದುಬಾರಿ, ಮೈ ತುರಿಸುತ್ತದೆ, ಆದರೆ ಉರಿಯುವುದಿಲ್ಲ. ಹೊದಿಕೆಗೆ ಒರಗಿಸಿ ಸೌದೆ ಪೇರಿಸುವುದನ್ನೂ ಬಿಡಿ.

ಮೊದಲ ಮಳೆಗಾಲ

ಜೂನ್‌ನಲ್ಲಿ ಒಂದು ರಾತ್ರಿ ಜೋರು ಎರಚಲು ಬಂದಾಗ ಟಾರ್ಚ್ ಹಿಡಿದು ಬುಡದ ಪಟ್ಟಿ ನೋಡಿ. ಕೆಲವು ತೂತುಗಳಿಂದ ಹನಿ ತೊಟ್ಟಿಕ್ಕಿದರೆ ಹೆದರಬೇಡಿ, ಹೊದಿಕೆ ತನ್ನ ಕೆಲಸ ಮಾಡುತ್ತಿದೆ. ಒಂದೇ ತೂತಿನಿಂದ ನಲ್ಲಿ ಬಿಟ್ಟ ಹಾಗೆ ಸುರಿದರೆ ಅದರ ನೇರ ಮೇಲಿನ ಕಿಟಕಿ ಅಥವಾ ಮಾಡಿನ ಮೂಲೆಯನ್ನು ಮಳೆ ಬಿಟ್ಟ ಮೇಲೆ ಹುಡುಕಿ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಕಿಟಕಿ ಸೀಲೆಂಟನ್ನು ಬೆರಳಿನಿಂದ ಒತ್ತಿ ನೋಡಿ. ಬಿರಿದಿದ್ದರೆ ಹಳೆಯದನ್ನು ಕಿತ್ತು ಹೊಸದು ಹಾಕಿಸಿ, ಮೇಲಿಂದ ಮೇಲೆ ಬಳಿಯಬೇಡಿ. ಪಾಚಿ ಕಟ್ಟಿದರೆ ಮೆತ್ತನೆ ಬ್ರಷ್ ಸಾಕು, ಪ್ರೆಶರ್ ಗನ್ ಬೇಡ.

ಇನ್ನು ಪೇಂಟರ್ ಬರುವ ದಿನ ಮನೆಯಲ್ಲೇ ಇರಿ. ನಮ್ಮ ಮನೆಗೆ ಬಂದವರು ಬಹಳ ಅಚ್ಚುಕಟ್ಟು. ಬುಡದ ತೂತುಗಳು ಯಾರೋ ಮುಚ್ಚಲು ಮರೆತದ್ದು ಎಂದುಕೊಂಡು, ಕೇಳದೇ, ಒಂದೊಂದಕ್ಕೂ ಪುಟ್ಟಿ ತುಂಬಿ ಉಜ್ಜಿ ಹೋಗಿದ್ದರು. ಮರುದಿನ ಮೊಣಕಾಲೂರಿ ಕೂತು ಸಣ್ಣ ಮೊಳೆಯಲ್ಲಿ ಎಲ್ಲವನ್ನೂ ತೆರೆಯಲು ನನಗೆ ಮಧ್ಯಾಹ್ನದವರೆಗೆ ಹಿಡಿಯಿತು.